ಮೀನಿನ ಉದ್ಯಮದಲ್ಲಿ ಸಮಾಜವಿಜ್ಞಾನಿಯ ಕೆಲಸ: ದಕ್ಕೆಯಿಂದ ಶುರು ಮಾಡುವವರಿಗೆ

ಮೀನಿನ ಉದ್ಯಮ ಅಂದ ಕೂಡಲೇ ಬೋಟು, ಮೀನು ಇಳಿಸುವ ದಕ್ಕೆ, ಐಸ್, ಕಂಟೈನರ್, ರಫ್ತು ನೆನಪಾಗುತ್ತವೆ. ಅಲ್ಲಿ ಕೆಲಸ ಸಿಗುವುದು ಮೀನುಗಾರಿಕಾ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮಾನವಶಾಸ್ತ್ರ, ಎಂಎಸ್‌ಡಬ್ಲ್ಯು ಮಾಡಿದವರಿಗೂ ಇಲ್ಲಿ ಕೆಲಸ ಇದೆ. ಅದು ಹೇಗೆ ಹುಟ್ಟಿತು ಅನ್ನುವುದನ್ನು ಮೊದಲು ತಿಳಿಯಿರಿ.

2015ರಲ್ಲಿ ಇಂಡೋನೇಷ್ಯಾದ ಬೆಂಜಿನಾ ಅನ್ನುವ ದ್ವೀಪದ ಹಳ್ಳಿಯಲ್ಲಿ ಬೋಟಿನ ಕೆಲಸಗಾರರನ್ನು ಕೂಡಿಹಾಕಿ ದುಡಿಸುತ್ತಿದ್ದ ಸುದ್ದಿಯನ್ನು ಅಸೋಸಿಯೇಟೆಡ್ ಪ್ರೆಸ್‌ನ ಪತ್ರಕರ್ತೆಯರು ಹೊರಗೆ ತಂದರು. ಆ ಕೆಲಸಗಾರರು ಹಿಡಿದ ಮೀನು ಥಾಯ್ಲೆಂಡಿನ ಮೂಲಕ ಅಮೆರಿಕದ ಅಂಗಡಿಗಳಿಗೆ ಹೋಗುತ್ತಿತ್ತು. ಎರಡು ಸಾವಿರಕ್ಕೂ ಜಾಸ್ತಿ ಜನ ಬಿಡುಗಡೆಯಾದರು. ಅಲ್ಲಿಂದ ಈಚೆಗೆ ಹೊರದೇಶದ ಖರೀದಿದಾರರು ಮೀನಿನ ಗುಣಮಟ್ಟದ ಜೊತೆಗೆ 'ಇದನ್ನು ಹಿಡಿದವರು ಯಾರು, ಸುಲಿದವರು ಯಾರು, ಅವರಿಗೆ ಎಷ್ಟು ಸಿಕ್ಕಿತು' ಅಂತಲೂ ಕೇಳತೊಡಗಿದರು. ಭಾರತ 2024-25ರಲ್ಲಿ ಸುಮಾರು 17 ಲಕ್ಷ ಟನ್ ಮೀನು, ಸಿಗಡಿ ರಫ್ತು ಮಾಡಿದೆ. ಬಂದ ಹಣ ₹62,000 ಕೋಟಿಗೂ ಮೇಲೆ. ಇಷ್ಟು ದೊಡ್ಡ ವ್ಯಾಪಾರದಲ್ಲಿ ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬಲ್ಲವರು ಕಡಿಮೆ. ನಿಮ್ಮ ಕೆಲಸ ಅಲ್ಲಿದೆ.

ಈ ಕ್ಷೇತ್ರದ ಬಗ್ಗೆ ನನ್ನದು ಒಂದೇ ಹಟ: ಲೆಕ್ಕದಿಂದ ಶುರು ಮಾಡಿ. ಜನರ 'ಅಭಿಪ್ರಾಯ', 'ಜಾಗೃತಿ ಮಟ್ಟ' ಆಮೇಲೆ ಕೇಳಬಹುದು. ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ನಷ್ಟ ಬಂದರೆ ಯಾರ ಮೇಲೆ ಬೀಳುತ್ತದೆ ಅನ್ನುವುದು ಗೊತ್ತಿಲ್ಲದೆ ಬರೆದ ವರದಿ ಯಾರ ಉಪಯೋಗಕ್ಕೂ ಬರುವುದಿಲ್ಲ.

1. ಯಾವ ಬಾಗಿಲು ಅಂತ ತೀರ್ಮಾನಿಸಿ

ಬಾಗಿಲುಗಳು ಮೂರ್ನಾಲ್ಕು ಇವೆ. ಒಂದು ಸರ್ಕಾರಿ ಸಂಶೋಧನೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಕೊಚ್ಚಿಯಲ್ಲಿದೆ, ಅದರ ಕೇಂದ್ರ ಮಂಗಳೂರಿನಲ್ಲೂ ಇದೆ. ಮೀನುಗಾರ ಕುಟುಂಬಗಳ ಗಣತಿ, ಮೀನಿನ ಬೆಲೆ, ಮಾರುಕಟ್ಟೆ, ಸಾಲ ಇವೆಲ್ಲ ಅಲ್ಲಿನ ಅಧ್ಯಯನದ ವಿಷಯಗಳು. ಕಾಯಂ ವಿಜ್ಞಾನಿ ಹುದ್ದೆಗೆ ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ ಬರೆಯಬೇಕು. ಅದಕ್ಕೆ ಸಾಮಾನ್ಯವಾಗಿ ಕೃಷಿ ಅಥವಾ ಮೀನುಗಾರಿಕೆ ವಿಸ್ತರಣೆ, ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಆ ದಾರಿಗೆ ಹತ್ತಿರದ್ದು. ಎಂಎ ಮಾಡಿದವರಿಗೆ ಪ್ರಾಜೆಕ್ಟ್ ಹುದ್ದೆಗಳು ಆಗಾಗ ಬರುತ್ತವೆ. ನೇರ ಸಂದರ್ಶನ, ನಿಗದಿತ ಅವಧಿ. ಸಂಬಳ ದೊಡ್ಡದಲ್ಲ, ಆದರೆ ಕ್ಷೇತ್ರಕಾರ್ಯ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಎರಡನೆಯದು ಸಂಘ ಸಂಸ್ಥೆಗಳು. ಬೆಂಗಳೂರಿನ ದಕ್ಷಿಣ್ ಫೌಂಡೇಶನ್, 1986ರಲ್ಲಿ ಹುಟ್ಟಿ ಈಗ ಚೆನ್ನೈನಿಂದ ಕೆಲಸ ಮಾಡುವ ಐಸಿಎಸ್‌ಎಫ್ (ಮೀನು ಕೆಲಸಗಾರರ ಪರವಾದ ಅಂತರರಾಷ್ಟ್ರೀಯ ಸಂಘಟನೆ) ಇಂಥವು. ಮೂರನೆಯದು ರಫ್ತು ಕಂಪನಿಗಳ ಒಳಗೆ: ಕಂಪ್ಲಯನ್ಸ್ (ನಿಯಮ ಪಾಲನೆ), ಕಾರ್ಮಿಕ ಕಲ್ಯಾಣ, ಸಸ್ಟೇನಬಿಲಿಟಿ ಅನ್ನುವ ಹೆಸರಿನ ಹುದ್ದೆಗಳು. ನಾಲ್ಕನೆಯದು ಆಡಿಟ್. ಜವಾಬ್ದಾರಿಯಿಂದ ಹಿಡಿದದ್ದು, ಸಾಕಿದ್ದು ಅಂತ ಹೇಳಲು ಸಮುದ್ರದ ಮೀನಿಗೆ ಎಂಎಸ್‌ಸಿ (ಮರೀನ್ ಸ್ಟುವರ್ಡ್‌ಶಿಪ್ ಕೌನ್ಸಿಲ್), ಸಾಕಿದ ಸಿಗಡಿಗೆ ಎಎಸ್‌ಸಿ, ಬಿಎಪಿ ಅನ್ನುವ ಪ್ರಮಾಣಪತ್ರಗಳಿವೆ. ಕಾರ್ಮಿಕರ ಸ್ಥಿತಿಗತಿಗೆ ಬೇರೆ ಸೋಷಿಯಲ್ ಆಡಿಟ್ ಇದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ (NOAA) ಮೀನುಗಾರಿಕಾ ವಿಭಾಗದಲ್ಲಿ ಅರ್ಥಶಾಸ್ತ್ರಜ್ಞರೂ ಮಾನವಶಾಸ್ತ್ರಜ್ಞರೂ ಕೆಲಸ ಮಾಡುತ್ತಾರೆ. ಮೀನುಗಾರಿಕೆಗೆ ಹೊಸ ನಿಯಮ ತರುವಾಗ ಮೀನುಗಾರರ ಊರುಗಳಿಗೆ ಏನಾಗುತ್ತದೆ ಅಂತ ನೋಡಲೇಬೇಕು ಅನ್ನುವುದು ಅಲ್ಲಿನ ಕಾನೂನಿನಲ್ಲೇ ಇದೆ. ನಮ್ಮಲ್ಲೂ ಅಂಥದ್ದು ಬರಬೇಕು ಅಂತ ನನಗೆ ತುಂಬ ಆಸೆ.

2. ಕ್ಯಾಲೆಂಡರ್ ನೋಡಿ ಹೊರಡಿ

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಆಂಧ್ರ, ಒಡಿಶಾ, ತಮಿಳುನಾಡಿನಿಂದ ಬಂದು ನಮ್ಮ ಬೋಟುಗಳಲ್ಲಿ ದುಡಿಯುವವರು ಮಳೆಗಾಲದ ರಜೆಯಲ್ಲಿ ಊರಿಗೆ ಹೋಗಿಬಿಡುತ್ತಾರೆ. ಜೂನ್‌ನಲ್ಲಿ ಮಲ್ಪೆಗೆ ಹೋದರೆ ಬಲೆ ರಿಪೇರಿ, ಬೋಟಿಗೆ ಬಣ್ಣ ಬಳಿಯುವುದು ಕಾಣುತ್ತದೆ. ಮಾಲೀಕರು ಮಾತಿಗೆ ಸಿಗುತ್ತಾರೆ, ಅವರಿಗೆ ಆಗ ಪುರಸೊತ್ತು. ಆದರೆ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಸಿಗುವುದಿಲ್ಲ. ಆ ಎರಡು ತಿಂಗಳು ಮಾಡಿದ ಸರ್ವೆಯಲ್ಲಿ ಬೋಟಿನ ಕೆಲಸಗಾರರೇ ಇರುವುದಿಲ್ಲ, ಅಥವಾ ಊರಿನವರು ಮಾತ್ರ ಇರುತ್ತಾರೆ.

ಆದ್ದರಿಂದ ರಜೆಯಲ್ಲಿ ಮಾಲೀಕರು, ಸಹಕಾರ ಸಂಘ, ಬ್ಯಾಂಕು, ಬಲೆ ಅಂಗಡಿ ಇಟ್ಟುಕೊಳ್ಳಿ. ಆಗಸ್ಟ್‌ನಿಂದ ಮೇವರೆಗಿನ ಸೀಸನ್‌ನಲ್ಲಿ ಬೋಟಿನವರು, ಏಲಂ (ಹರಾಜು), ಫ್ಯಾಕ್ಟರಿ. ರಜೆಯಲ್ಲೂ ಕಡಿಮೆ ಶಕ್ತಿಯ ಮೋಟಾರಿನ ನಾಡದೋಣಿಗಳು ಕಡಲಿಗೆ ಇಳಿಯುತ್ತವೆ. ಅವರಿಗೆ ಅದೇ ಮುಖ್ಯ ಸೀಸನ್. ನಾಡದೋಣಿಯವರ ಆದಾಯವನ್ನು ಫೆಬ್ರವರಿಯಲ್ಲಿ ಮಾತ್ರ ಕೇಳಿ ವರ್ಷದ್ದಕ್ಕೆ ಗುಣಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

3. ಒಂದು ಜಾತಿಯ ಮೀನಿನ ಹಿಂದೆ ಹೋಗಿ

ಇಡೀ ಉದ್ಯಮವನ್ನು ಒಮ್ಮೆಗೇ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಒಂದು ಮೀನು ಆರಿಸಿ. ಭೂತಾಯಿ (ಸಾರ್ಡೀನ್) ಆರಿಸಿದರೆ ಊಟದ ಮನೆಗೂ ಫಿಶ್‌ಮೀಲ್ (ಮೀನಿನ ಪುಡಿ) ಮಿಲ್ಲಿಗೂ ಹೋಗುತ್ತೀರಿ. ಬೊಂಡಾಸ್ (ಸ್ಕ್ವಿಡ್) ಆರಿಸಿದರೆ ರಫ್ತಿನ ಫ್ರೀಜರ್‌ಗೆ. ಬಂಗುಡೆಯಾದರೆ ಬುಟ್ಟಿ ಹೊತ್ತು ಮನೆ ಮನೆಗೆ ಮಾರುವ ಅಕ್ಕಂದಿರ ಜೊತೆ ಬಸ್ಸು ಹತ್ತಬೇಕಾಗುತ್ತದೆ.

ಬೆಳಗಿನ ಜಾವ ದಕ್ಕೆಗೆ ಹೋಗಿ ಸುಮ್ನೆ ನಿಂತು ನೋಡಿ. ಬೋಟಿನಿಂದ ಬುಟ್ಟಿ ಇಳಿಸುವವರು ಒಬ್ಬರು, ಜಾತಿ ಬೇರೆ ಮಾಡುವವರು ಇನ್ನೊಬ್ಬರು, ಐಸ್ ಹಾಕುವವರು ಮತ್ತೊಬ್ಬರು. ಏಲಂ ಕೂಗುವವರು ಬೇರೆ. ಕೂಗಿದ ಬೆಲೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ದುಡ್ಡು ಮಾತ್ರ ಅಲ್ಲೇ ಕೈ ಬದಲಾಗುವುದಿಲ್ಲ. ಬೋಟಿನ ಮಾಲೀಕರು ಮೊದಲೇ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದರೆ ಮೀನು ಅವರ ಕಡೆಗೇ ಹೋಗಬೇಕು. ಹಾಗಾಗಿ ಏಲಂನಲ್ಲಿ ಎಷ್ಟು ಜನ ಕೂಗಿದರು ಅನ್ನುವುದರ ಜೊತೆಗೆ ಎಷ್ಟು ಜನಕ್ಕೆ ಕೂಗುವ ಸ್ವಾತಂತ್ರ್ಯ ಇತ್ತು ಅಂತಲೂ ಗಮನಿಸಬೇಕು.

ಮೊದಲ ಕೆಲವು ದಿನ ನೋಟ್‌ಬುಕ್ ಹೊರಗೆ ತೆಗೆಯದಿದ್ದರೆ ಒಳ್ಳೆಯದು. ಫೋಟೊ ಅಂತೂ ಬೇಡವೇ ಬೇಡ. ಆದರೆ ನೀವು ಯಾರು, ಯಾಕೆ ಬಂದಿದ್ದೀರಿ ಅಂತ ಮೊದಲ ದಿನವೇ ಬಂದರಿನ ಮೀನುಗಾರರ ಸಂಘಕ್ಕೆ ಹೇಳಿ.

ಭಾಷೆಗೂ ತಯಾರಾಗಿ. ಮಂಗಳೂರು, ಮಲ್ಪೆಯಲ್ಲಿ ತುಳು, ಬ್ಯಾರಿ. ಗಂಗೊಳ್ಳಿ ಕಡೆ ಕುಂದಾಪುರ ಕನ್ನಡ, ಕೊಂಕಣಿ. ಭಟ್ಕಳದಲ್ಲಿ ನವಾಯತಿ. ಬೋಟಿನ ಒಳಗೆ ತೆಲುಗು, ಒಡಿಯಾ, ಹಿಂದಿ. ಪುಸ್ತಕದ ಕನ್ನಡದಲ್ಲಿ ಬರೆದ ಪ್ರಶ್ನಾವಳಿ ಹಿಡಿದು ಹೋದರೆ ಮಾಲೀಕರ ಉತ್ತರ ಮಾತ್ರ ತುಂಬಿ ಬರುತ್ತದೆ.

4. ಪಾಲಿನ ಲೆಕ್ಕ ಕಲಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

'ನಿಮ್ಮ ತಿಂಗಳ ಆದಾಯ ಎಷ್ಟು?' ಅಂತ ಕಲಾಸಿಯನ್ನು ಕೇಳಿದರೆ ಬಾಯಿಗೆ ಬಂದ ಒಂದು ಅಂಕಿ ಹೇಳುತ್ತಾರೆ. ಅದು ಸುಳ್ಳಲ್ಲ. ಅವರಿಗೆ ತಿಂಗಳ ಆದಾಯ ಅನ್ನುವುದೇ ಇಲ್ಲ. ಅದರ ಬದಲು ಹೀಗೆ ಕೇಳಿ: 'ಅಣ್ಣ, ಹೋದ ಸಲ ಬೋಟು ಬಂದಾಗ ಕೈಗೆ ಎಷ್ಟು ಬಂತು? ಮುಂಗಡಕ್ಕೆ ಎಷ್ಟು ಮುರಿದುಕೊಂಡರು? ಆ ಟ್ರಿಪ್ ಎಷ್ಟು ದಿನದ್ದು?'

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕ ತಿಳಿಯಲಿ ಅಂತ ಹಾಕಿದವು, ಯಾವ ಬೋಟಿನದೂ ಅಲ್ಲ. ಹತ್ತು ದಿನದ ಟ್ರಿಪ್‌ನ ಮೀನು ₹4 ಲಕ್ಷಕ್ಕೆ ಹೋಯಿತು ಅಂದುಕೊಳ್ಳಿ. ಡೀಸೆಲ್, ಐಸ್, ರೇಷನ್, ಕಮಿಷನ್ ಸೇರಿ ₹2.5 ಲಕ್ಷ ಖರ್ಚು. ಉಳಿದ ₹1.5 ಲಕ್ಷದಲ್ಲಿ ಶೇ 60 ಮಾಲೀಕರಿಗೆ, ಶೇ 40 ಕೆಲಸಗಾರರಿಗೆ. ಅಂದರೆ ಕೆಲಸಗಾರರಿಗೆ ₹60,000. ತಾಂಡೇಲರಿಗೆ (ಬೋಟು ನಡೆಸುವವರಿಗೆ) ಎರಡು ಪಾಲು, ಉಳಿದ ಆರು ಜನಕ್ಕೆ ಒಂದೊಂದು ಪಾಲು ಅಂತಿದ್ದರೆ ಒಟ್ಟು ಎಂಟು ಪಾಲು. ಒಬ್ಬ ಕಲಾಸಿಗೆ ₹7,500. ಅದರಲ್ಲಿ ಮುಂಗಡಕ್ಕೆ ₹3,000 ಹಿಡಿದರೆ ಕೈಗೆ ₹4,500.

ಈಗ ಡೀಸೆಲ್ ಖರ್ಚು ₹20,000 ಏರಿತು ಅಂತಿಟ್ಟುಕೊಳ್ಳಿ. ಉಳಿಯುವುದು ₹1.3 ಲಕ್ಷ. ಕೆಲಸಗಾರರಿಗೆ ₹52,000, ಒಂದು ಪಾಲು ₹6,500. ಡೀಸೆಲ್ ಬಂಕಿಗೆ ಕಾಲಿಡದ ಕಲಾಸಿಯ ಜೇಬಿನಿಂದ ₹1,000 ಹೋಯಿತು. ಖರ್ಚನ್ನು ಪಾಲಿಗಿಂತ ಮೊದಲು ಕಳೆಯುವ ಪದ್ಧತಿ ಇರುವ ಕಡೆ ಹೀಗಾಗುತ್ತದೆ. ಡೀಸೆಲ್ ಸಬ್ಸಿಡಿ ಬಂದರೆ ಅದು ಈ ಲೆಕ್ಕದ ಒಳಗೆ ಸೇರುತ್ತದೋ, ಮಾಲೀಕರ ಖಾತೆಯಲ್ಲೇ ಉಳಿಯುತ್ತದೋ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದರೂ ಒಂದು ಒಳ್ಳೆಯ ಪ್ರಬಂಧ ಆಗುತ್ತದೆ.

ಪಾಲಿನ ಪದ್ಧತಿ ಬೋಟಿನಿಂದ ಬೋಟಿಗೆ, ಬಂದರಿನಿಂದ ಬಂದರಿಗೆ ಬೇರೆ. ಕೆಲವು ಕಡೆ ಸಂಬಳ ಮತ್ತು ಬಾಟಾ (ಭತ್ಯೆ), ಕೆಲವು ಕಡೆ ಪೂರ್ತಿ ಪಾಲು. ಊಹೆ ಮಾಡದೆ ಪ್ರತಿ ಸಲವೂ ಕೇಳಿ. ಸಂಬಳದವರಿಗೆ ಮೀನು ಸಿಗದ ಟ್ರಿಪ್‌ನಲ್ಲೂ ದುಡ್ಡು ಬರುತ್ತದೆ, ಪಾಲಿನವರಿಗೆ ಬರುವುದಿಲ್ಲ. ಮಾಲೀಕರನ್ನೂ ವಿಲನ್ ಮಾಡಿಕೊಂಡು ಹೋಗಬೇಡಿ. ಬೋಟಿನ ಸಾಲದ ಕಂತು ಮೀನು ಸಿಗಲಿ ಬಿಡಲಿ ಕಟ್ಟಲೇಬೇಕು. ಮೂರು ಟ್ರಿಪ್ ಖಾಲಿ ಬಂದ ಮಾಲೀಕರ ಜೊತೆ ಅರ್ಧ ಗಂಟೆ ಕೂತರೆ ಗೊತ್ತಾಗುತ್ತದೆ.

ನಮ್ಮ ಕರಾವಳಿಯ ಹಳೆಯ ಜಗಳವೂ ಇದೇ ಲೆಕ್ಕದ್ದು. ದಡದಿಂದ ಊರಿನವರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯಲ್ಲಿ ನೂರಾರು ಕೈಗಳಿಗೆ ಪಾಲಿತ್ತು. 1970ರ ದಶಕದ ನಡುವಿನಲ್ಲಿ ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟು ಬಂದಾಗ ಭೂತಾಯಿ, ಬಂಗುಡೆ ದಡಕ್ಕೆ ಬರುವ ಮೊದಲೇ ಬಲೆಗೆ ಬಿದ್ದವು. ಒಟ್ಟು ಹಿಡಿದ ಮೀನಿನ ಅಂಕಿಯನ್ನು ಮಾತ್ರ ನೋಡಿದರೆ ಈ ಬದಲಾವಣೆ ಪ್ರಗತಿಯ ಹಾಗೆ ಕಾಣುತ್ತದೆ. ಪಾಲು ಎಷ್ಟು ಮನೆಗೆ ಹೋಯಿತು ಅಂತ ನೋಡಿದರೆ ಬೇರೆಯೇ ಚಿತ್ರ. ಟನ್ ಎಣಿಸುವವರು ಬೇಕಾದಷ್ಟು ಜನ ಇದ್ದಾರೆ. ಮನೆ ಎಣಿಸುವುದು ನಿಮ್ಮ ಕೆಲಸ.

5. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿ

ಸ್ಯಾಂಪಲ್ ತೆಗೆಯಲು ನಿಮಗೆ ಸಿಗುವ ಪಟ್ಟಿ ಸಹಕಾರ ಸಂಘದ್ದೋ ಬೋಟು ನೋಂದಣಿಯದ್ದೋ ಆಗಿರುತ್ತದೆ. ಅದರಲ್ಲಿ ಗಂಡಸರು ಜಾಸ್ತಿ, ಮಾಲೀಕರು ಜಾಸ್ತಿ. ಒಣಮೀನು ಮಾಡುವವರು, ದಕ್ಕೆಯಲ್ಲಿ ಮೀನು ಆರಿಸುವವರು, ಬುಟ್ಟಿ ವ್ಯಾಪಾರದವರು ಆ ಪಟ್ಟಿಯಲ್ಲಿ ಇರುವುದು ಅಪರೂಪ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ತೆಗೆಯುವವರ ಹತ್ತಿರ ಬೋಟೇ ಇಲ್ಲದಿರಬಹುದು. ಆ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ. ಅಲ್ಲಿ ಮುಂದೆ ಯಾವ ನಿಯಮ ಬಂದರೂ ಮೊದಲು ತಟ್ಟುವುದು ಇವರಿಗೆ.

ಮಲ್ಪೆ ಬಂದರಿನಲ್ಲಿ ಉತ್ತರ ಕರ್ನಾಟಕದಿಂದ ವಲಸೆ ಬಂದ ಹೆಂಗಸರು ಮೀನು ಇಳಿಸುವ, ಆರಿಸುವ ಕೆಲಸ ಮಾಡುತ್ತಾರೆ. 2025ರ ಮಾರ್ಚ್‌ನಲ್ಲಿ ಮೀನು ಕದ್ದ ಆರೋಪ ಹೊರಿಸಿ ಅಂಥ ಒಬ್ಬ ಹೆಂಗಸನ್ನು ಮರಕ್ಕೆ ಕಟ್ಟಿ ಹೊಡೆದ ವಿಡಿಯೊ ಇಡೀ ರಾಜ್ಯ ನೋಡಿತು. ಅದನ್ನು ನೋಡಿ ನೊಂದುಕೊಂಡರೆ ಸಾಲದು. ಬಂದರಿನಲ್ಲಿ ದುಡಿಯುವ ಇವರ ಹೆಸರು ಯಾವ ದಾಖಲೆಯಲ್ಲಿದೆ, ತೊಂದರೆಯಾದರೆ ಯಾರ ಹತ್ತಿರ ಹೋಗಬೇಕು ಅಂತ ಕೇಳಿ ಬರೆದಿಡುವವರು ಬೇಕು.

ಪಟ್ಟಿ ಇಲ್ಲದವರನ್ನು ಹುಡುಕಲು ಸುಲಭದ ದಾರಿ: ಜಾಗ ಮತ್ತು ಹೊತ್ತಿನ ಮೇಲೆ ಸ್ಯಾಂಪಲ್ ಮಾಡಿ. ಬೆಳಗಿನ ದಕ್ಕೆ, ಮಧ್ಯಾಹ್ನದ ಒಣಮೀನಿನ ಅಂಗಳ, ಸಂಜೆಯ ಸಂತೆ. ಪ್ರತಿ ಜಾಗದಲ್ಲಿ ಕಂಡವರನ್ನು ಎಣಿಸಿ, ಅವರಲ್ಲಿ ಇಷ್ಟಕ್ಕೊಬ್ಬರು ಅಂತ ಆರಿಸಿ ಮಾತಾಡಿಸಿ.

6. ಫ್ಯಾಕ್ಟರಿ ಒಳಗೆ ಹೋದಾಗ

ಸಿಗಡಿ ಸುಲಿಯುವ ಕೆಲಸಕ್ಕೆ ಕೂಲಿ ಹೆಚ್ಚಿನ ಕಡೆ ಕಿಲೋ ಲೆಕ್ಕದಲ್ಲಿ. ಇಲ್ಲೊಂದು ಸೂಕ್ಷ್ಮ ಇದೆ. ಸಿಗಡಿಯ ಗಾತ್ರವನ್ನು 'ಕೌಂಟ್'ನಲ್ಲಿ ಹೇಳುತ್ತಾರೆ, ಅಂದರೆ ಇಷ್ಟು ತೂಕಕ್ಕೆ ಎಷ್ಟು ಸಿಗಡಿ ಅಂತ. ಕಿಲೋಗೆ 30 ಬರುವ ದೊಡ್ಡ ಸಿಗಡಿಯಾದರೆ ಒಂದು ಕಿಲೋ ಸುಲಿಯಲು ಮೂವತ್ತು ಸಲ ಕೈ ಆಡಬೇಕು. 100 ಬರುವ ಚಿಕ್ಕದಾದರೆ ನೂರು ಸಲ. ಕೂಲಿ ಎರಡಕ್ಕೂ ಒಂದೇನಾ, ಬೇರೆಯಾ? ಚಿಕ್ಕ ಸಿಗಡಿ ಯಾರ ಟೇಬಲ್‌ಗೆ ಹೋಗುತ್ತದೆ ಅಂತ ತೀರ್ಮಾನಿಸುವವರು ಯಾರು? ತೂಕ ಹಾಕುವಾಗ ನೀರು, ಐಸ್ ಎಂದು ಎಷ್ಟು ಕಳೆಯುತ್ತಾರೆ? ತೂಕದ ಚೀಟಿ ಕೆಲಸಗಾರರ ಕೈಗೆ ಸಿಗುತ್ತದೋ ಸೂಪರ್‌ವೈಸರ್ ಪುಸ್ತಕದಲ್ಲೇ ಉಳಿಯುತ್ತದೋ? ಮಾಲು ಬರದ ದಿನ ಕೂಲಿ ಏನು? 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಂಥ ಹೊತ್ತಿನಲ್ಲಿ ಈ ಕೊನೆಯ ಪ್ರಶ್ನೆಯನ್ನು ಕೇಳಲೇಬೇಕು.

ಮ್ಯಾನೇಜರ್ ಪಕ್ಕದಲ್ಲಿ ನಿಂತಿರುವಾಗ ಮಾಡಿದ ಸಂದರ್ಶನವನ್ನು ಸಂದರ್ಶನ ಅಂತ ಎಣಿಸಬೇಡಿ. ಕೆಲಸಗಾರರನ್ನು ನೀವೇ ಹಾಜರಿ ಪುಸ್ತಕದಿಂದ ಆರಿಸಿ, ಕಂಪನಿಯವರು ಕಳಿಸಿದವರನ್ನು ಮಾತ್ರ ಅಲ್ಲ. ಆದಷ್ಟು ಹೊರಗೆ, ರಜಾ ದಿನ ಮಾತಾಡಿಸಿ. ಹಾಸ್ಟೆಲ್‌ನಲ್ಲಿ ಇರುವವರಾದರೆ ಇನ್ನೂ ಎಚ್ಚರ ಬೇಕು. ಅವರ ಮನೆಯೂ ಗೇಟೂ ಕಂಪನಿಯದ್ದೇ ಅಲ್ವಾ? ಸಂಜೆ ಹೊರಗೆ ಹೋಗಲು ಯಾರ ಅನುಮತಿ ಬೇಕು, ಆಧಾರ್ ಕಾರ್ಡ್ ಯಾರ ಹತ್ತಿರ ಇದೆ, ಊರಿಂದ ಕರೆತಂದ ಏಜೆಂಟರಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿ. ಬಲವಂತದ ದುಡಿಮೆಯ ಸುಳಿವು ಇಂಥ ಉತ್ತರಗಳಲ್ಲಿ ಸಿಗುತ್ತದೆ, 'ನಿಮ್ಮನ್ನು ಬಲವಂತವಾಗಿ ದುಡಿಸುತ್ತಾರಾ' ಅಂತ ಕೇಳಿದರೆ ಸಿಗುವುದಿಲ್ಲ.

ಹೆಸರು ಬರೆಯದಿದ್ದರೆ ಗುಟ್ಟು ಉಳಿಯಿತು ಅಂದುಕೊಳ್ಳಬೇಡಿ. 'ಜಾರ್ಖಂಡಿನ, ಫ್ರೀಜರ್ ವಿಭಾಗದ ಮಹಿಳೆ' ಅಂತ ವರದಿಯಲ್ಲಿ ಬರೆದರೆ, ಅಲ್ಲಿ ಅಂಥವರು ಇಬ್ಬರೇ ಇದ್ದರೆ, ಮರುದಿನವೇ ಗೊತ್ತಾಗುತ್ತದೆ. ರಾಜ್ಯ, ವಿಭಾಗ, ವಯಸ್ಸು ಈ ಮೂರನ್ನೂ ಒಟ್ಟಿಗೆ ಎಂದೂ ಬರೆಯಬೇಡಿ.

ಕಾನೂನು ಒಂದಿಷ್ಟು ಓದಿಕೊಂಡಿರಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು ಅನ್ನುತ್ತದೆ 2013ರ ಕಾಯ್ದೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಬೋಟಿನ ದುಡಿಮೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 188ನೇ ಒಡಂಬಡಿಕೆ ಇದೆ, 2007ರದ್ದು. ಥಾಯ್ಲೆಂಡ್ 2019ರಲ್ಲಿ ಅದಕ್ಕೆ ಸಹಿ ಹಾಕಿ ಒಪ್ಪಿತು. ಭಾರತ ಒಪ್ಪಿಲ್ಲ, ಆದರೂ ಅದರ ಅಂಶಗಳು ಪ್ರಶ್ನಾವಳಿ ಮಾಡಲು ತುಂಬ ಉಪಯೋಗ: ವಿಶ್ರಾಂತಿಯ ಗಂಟೆ, ಬರಹದಲ್ಲಿ ಒಪ್ಪಂದ, ಗಾಯವಾದರೆ ಚಿಕಿತ್ಸೆ.

7. ನಿಯಮ ಬರುವ ಮೊದಲೇ ಮಾತುಕತೆಗೆ ಕೂರಿ

2019ರಲ್ಲಿ ಅಮೆರಿಕ ನಮ್ಮ ಕಡಲಲ್ಲಿ ಹಿಡಿದ ಸಿಗಡಿಯನ್ನು ತರಿಸುವುದು ನಿಲ್ಲಿಸಿತು. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಆಮೆ ಪಾರಾಗುವ ಸಾಧನ ಇಲ್ಲ ಅನ್ನುವುದು ಕಾರಣ. ಸಾಧನ ಅಂದರೆ ಬಲೆಯೊಳಗೆ ಕೂರಿಸುವ ಲೋಹದ ಜಾಲರಿ. ಸಿಗಡಿ ಕಂಬಿಗಳ ನಡುವೆ ನುಗ್ಗಿ ಒಳಗೆ ಹೋಗುತ್ತದೆ, ಆಮೆ ಕಂಬಿಗೆ ತಾಗಿ ಕಿಂಡಿಯಿಂದ ಹೊರಗೆ ಹೋಗುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ) ಇದರ ದೇಶೀ ಮಾದರಿ ತಯಾರಿಸಿದೆ. ಎಂಜಿನಿಯರಿಂಗ್ ಮುಗಿದ ಮೇಲೂ ಬೋಟಿನವರ ಪ್ರಶ್ನೆ ಉಳಿಯುತ್ತದೆ: 'ಅದೇ ಕಿಂಡಿಯಿಂದ ದೊಡ್ಡ ಮೀನೂ ಹೋದರೆ ನಮಗೆ ಯಾರು ಕೊಡುತ್ತಾರೆ?' ಇದು ಅಜ್ಞಾನ ಅಲ್ಲ, ಪಾಲಿನ ಲೆಕ್ಕ. ಬೋಟಿನವರ ಜೊತೆಗೇ ಪ್ರಯೋಗ ನಡೆಸಿ, ಹೊರಗೆ ಹೋದ ಮೀನನ್ನು ಅವರ ಎದುರೇ ತೂಗಿ, ನಷ್ಟ ಎಷ್ಟು ಅಂತ ಒಪ್ಪಿಕೊಂಡು ಮಾತು ಮುಂದುವರಿಸಬೇಕು.

ಕೊಲ್ಲಂನ ಅಷ್ಟಮುಡಿ ಕೆರೆಯ ಚಿಪ್ಪುಮೀನಿಗೆ 2014ರಲ್ಲಿ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಮೊಟ್ಟೆಯಿಡುವ ತಿಂಗಳುಗಳಲ್ಲಿ ತೆಗೆಯಬಾರದು ಅನ್ನುವ ನಿಯಮವನ್ನು ಅಲ್ಲಿನವರು ಪ್ರಮಾಣಪತ್ರಕ್ಕೆ ಎಷ್ಟೋ ವರ್ಷ ಮೊದಲಿನಿಂದಲೇ ಪಾಲಿಸುತ್ತಿದ್ದರು. ತೆಗೆಯುವವರು, ಅಧಿಕಾರಿಗಳು, ವಿಜ್ಞಾನಿಗಳು ಒಟ್ಟಿಗೆ ಕೂರುವ ಆಡಳಿತ ಮಂಡಳಿಯನ್ನೂ ಕಟ್ಟಿಕೊಂಡರು. ಪ್ರಮಾಣಪತ್ರದ ಕೆಲಸಕ್ಕೆ ಹೋಗುವವರು ಈ ಉದಾಹರಣೆಯನ್ನು ಚೆನ್ನಾಗಿ ಓದಿಕೊಂಡು ಹೋಗಿ.

8. ವರದಿಯನ್ನು ದಕ್ಕೆಗೂ ಕೊಡಿ

ಹಣ ಕೊಟ್ಟವರಿಗೆ ಇಂಗ್ಲಿಷ್ ವರದಿ ಹೋಗುತ್ತದೆ. ಮಾಹಿತಿ ಕೊಟ್ಟವರಿಗೆ ಎರಡು ಪುಟದ ಕನ್ನಡ ವರದಿ ಮಾಡಿ, ಸಂಘದ ಸಭೆಯಲ್ಲಿ ಓದಿ ಹೇಳಿ. ಅವರು ತಪ್ಪು ಹಿಡಿಯುತ್ತಾರೆ, ಹಿಡಿಯಲಿ. ಅಂತಿಮ ಪ್ರತಿಗೆ ಮೊದಲೇ ಇದನ್ನು ಮಾಡಿದರೆ ವರದಿ ಗಟ್ಟಿಯಾಗುತ್ತದೆ. ವಲಸೆ ಕೆಲಸಗಾರರು ಅಷ್ಟರಲ್ಲಿ ಊರಿಗೆ ಹೋಗಿರುತ್ತಾರೆ. ಅವರಿಗೆ ಅವರ ಭಾಷೆಯಲ್ಲಿ ವಾಟ್ಸ್ಆ್ಯಪ್ ಧ್ವನಿ ಸಂದೇಶ ಸಾಕು.

9. ಒಪ್ಪಂದ ಓದಿ, ಆಮೇಲೆ ಸಹಿ ಹಾಕಿ

ಕಂಪನಿಯೋ ಆಡಿಟ್ ಸಂಸ್ಥೆಯೋ ಕೆಲಸ ಕೊಟ್ಟರೆ ಮೂರು ವಿಷಯ ಬರಹದಲ್ಲಿ ಕೇಳಿ. ಗಂಭೀರ ಶೋಷಣೆ ಕಂಡರೆ ಯಾರಿಗೆ, ಎಷ್ಟು ದಿನದೊಳಗೆ ತಿಳಿಸಬೇಕು? ಮಾತಾಡಿದ ಕೆಲಸಗಾರರ ಮೇಲೆ ಕ್ರಮ ಆಗದ ಹಾಗೆ ಯಾರು ನೋಡಿಕೊಳ್ಳುತ್ತಾರೆ? ಹೆಸರು ತೆಗೆದ ಅಂಕಿಅಂಶವನ್ನು ನಾನು ಮುಂದೆ ಪ್ರಕಟಿಸಬಹುದಾ? ಮೊದಲ ಎರಡಕ್ಕೆ ಉತ್ತರ ಸಿಗದಿದ್ದರೆ ಆ ಕೆಲಸ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರನೆಯದರಲ್ಲಿ ಸ್ವಲ್ಪ ಹೊಂದಿಕೊಳ್ಳಬಹುದು.

ಅರ್ಜಿ ಹಾಕುವಾಗ ಪದವಿ ಪತ್ರದ ಜೊತೆ ನಿಮ್ಮದೇ ಒಂದು ಸಣ್ಣ ಕೆಲಸ ಲಗತ್ತಿಸಿ. ನಿಮ್ಮ ಹತ್ತಿರದ ಬಂದರಿನಲ್ಲಿ ಒಂದೇ ಜಾತಿಯ ಮೀನು ಆರಿಸಿ, ಏಲಂ ಬೆಲೆಯಿಂದ ಸಂತೆಯ ಬೆಲೆವರೆಗೆ ಯಾರಿಗೆ ಎಷ್ಟು ಸಿಕ್ಕಿತು ಅಂತ ನಾಲ್ಕು ಪುಟ ಬರೆಯಿರಿ. ಬೋಟು ನಡೆಯುವ ತಿಂಗಳಲ್ಲೂ ರಜೆಯ ತಿಂಗಳಲ್ಲೂ ಹೋಗಿ ಬಂದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಯಾರನ್ನು ಮಾತಾಡಿಸಲು ಆಗಲಿಲ್ಲ ಅನ್ನುವುದನ್ನೂ ಬರೆಯಿರಿ, ಸಂದರ್ಶನದಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ.